ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

"ಭಾವ, ನಿಮ್ಮ ಗಾಡಿಗೆ ಬ್ರೇಕ್ ಅಂತ ಒಂದು ಉಂಟಾ, ಇಲ್ಲಾ ಹರಕೆ ಹೊತ್ಕೊಂಡೇ ಘಟ್ಟ ಇಳಿಯೋದಾ?"

ಸೋಮೇಶ್ವರದಿಂದ ಫೋನು ಮಾಡಿದವರು ನನ್ನ ಹೆಂಡತಿಯ ಅಣ್ಣ. ಅವರಿಗೆ ನಾನು ಭಾವ, ನನಗೆ ಅವರು ಭಾವ. ಈ ಸಂಬಂಧದಲ್ಲಿ ಗೌರವಕ್ಕೂ ಜಗಳಕ್ಕೂ ಒಂದೇ ಶಬ್ದ. ಮನೆ ಕಟ್ಟಿಸುತ್ತಿದ್ದ ಅವರು ಕೆಳಗಿನಿಂದ ಕೆಂಪುಕಲ್ಲು ತರಲೆಂದು ನನ್ನ ಪಿಕಪ್ ಕೇಳಿಕೊಂಡು ಹೋಗಿದ್ದರು. ಆಗುಂಬೆಯ 14 ತಿರುವುಗಳನ್ನು ಖಾಲಿ ಗಾಡಿಯಲ್ಲಿ ಇಳಿದು, ಚಹಾ ಅಂಗಡಿಯ ಎದುರು ನಿಲ್ಲಿಸಿ, ಕೈ ನಡುಕ ನಿಂತ ಮೇಲೆ ಫೋನು ಮಾಡಿದ್ದರು.

ನನಗೆ ಸಿಟ್ಟೇ ಬಂತು. ಹಿಂದಿನ ವಾರವಷ್ಟೇ ಬಾಳೆಗೊನೆ ತುಂಬಿಕೊಂಡು ಅದೇ ಘಟ್ಟ ಇಳಿದು ಉಡುಪಿಗೆ ಹೋಗಿ ಬಂದವನು ನಾನು. ಗಾಡಿಗೆ ಏನೂ ಆಗಿರಲಿಲ್ಲ. "ಒಂದು ಸಲ ಒತ್ತಿ ಬಿಟ್ಟು ಮತ್ತೆ ಒತ್ತಬೇಕು ಭಾವ. ಎರಡನೇ ಸಲಕ್ಕೆ ಸರೀ ಹಿಡಿಯುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ಎರಡನೇ ಸಲ ಒತ್ತೋವರೆಗೆ ತಿರುವು ಕಾಯ್ತದಾ?"

ಫೋನು ಇಟ್ಟ ಮೇಲೆ ಲೆಕ್ಕ ಹಾಕಿ ನೋಡಿದೆ. ನಾನು ಯಾವಾಗಿನಿಂದ ಎರಡು ಸಲ ಒತ್ತುತ್ತಿದ್ದೇನೆ? ನೆನಪಾಗಲಿಲ್ಲ. ಇಂಥ ದಿನ, ಇಂಥ ತಿರುವಿನಲ್ಲಿ ಬ್ರೇಕ್ ಕೆಳಗಿಳಿಯಿತು ಎಂದು ಹೇಳುವ ಹಾಗಿರಲಿಲ್ಲ. ತಿಂಗಳಿಗೆ ಒಂದು ಕೂದಲೆಳೆಯಷ್ಟು ಪೆಡಲು ಇಳಿದಿದೆ. ನನ್ನ ಕಾಲೂ ಅಷ್ಟಷ್ಟೇ ಕೆಳಗೆ ಹೋಗುವುದನ್ನು ಕಲಿತಿದೆ. ಕೊನೆಕೊನೆಗೆ ಒತ್ತಿ, ಬಿಟ್ಟು, ಒತ್ತುವುದನ್ನೂ ಕಲಿತಿದೆ. ಇದನ್ನೆಲ್ಲ ಅದು ನನಗೆ ಹೇಳದೆಯೇ ಮಾಡಿಕೊಂಡಿತ್ತು. ಅವತ್ತು ಭಾವ ಓಡಿಸದೇ ಹೋಗಿದ್ದರೆ ಇವತ್ತಿಗೂ ನಾನು ನನ್ನ ಬ್ರೇಕನ್ನು ಹೊಗಳಿಕೊಂಡು ತಿರುಗುತ್ತಿದ್ದೆನೇನೋ.

ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ಕೊಯ್ಲಿನ ಸಮಯದಲ್ಲಿ ಗಾಡಿಯನ್ನು ಎರಡು ದಿನ ಪೇಟೆಯಲ್ಲಿ ಬಿಟ್ಟು ಬರುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ನನ್ನ ಕಾಲು ನನಗೆ ಹೇಳದೆ ಮುಚ್ಚಿಟ್ಟಿದ್ದು ಏನೆಂದು ಕಣ್ಣಾರೆ ನೋಡಬೇಕೆನಿಸಿತು.

ನಮ್ಮ ಪಿಕಪ್ಪಿನ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಡಿಸ್ಕ್ ಬಯಲಿನಲ್ಲಿರುತ್ತದೆ, ಬಗ್ಗಿ ನೋಡಿದರೆ ಪ್ಯಾಡ್ ಎಷ್ಟು ಸವೆದಿದೆ ಎಂದು ತಿಳಿಯುತ್ತದೆ. ಡ್ರಮ್ ಹಾಗಲ್ಲ. ಮುಚ್ಚಿದ ಪಾತ್ರೆಯ ಒಳಗೆ ಅರ್ಧಚಂದ್ರದಂಥ ಎರಡು ಶೂಗಳು. ಪೆಡಲು ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಅವನ್ನು ಎರಡು ಕಡೆಗೆ ತಳ್ಳುತ್ತವೆ, ಅವು ತಿರುಗುವ ಡ್ರಮ್ಮಿನ ಒಳಮೈಗೆ ಹೋಗಿ ಉಜ್ಜುತ್ತವೆ. ಪೆಡಲು ಬಿಟ್ಟರೆ ಸ್ಪ್ರಿಂಗುಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಇದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಚಕ್ರ ತಿರುಗುವ ದಿಕ್ಕಿಗೆ ಮುಖ ಮಾಡಿದ ಶೂವನ್ನು ತಿರುಗುವ ಡ್ರಮ್ಮೇ ತನ್ನ ಕಡೆಗೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಓಡುವ ಚಕ್ರದ ಬಲವೇ ಚಕ್ರವನ್ನು ನಿಲ್ಲಿಸಲು ಕೈ ಜೋಡಿಸುತ್ತದೆ. ಹಾಗಾಗಿಯೇ ಕಾಲಿನ ಅಲ್ಪಬಲ ಸಾಕಾಗುವುದು, ಹಾಗಾಗಿಯೇ 1902ರಲ್ಲಿ ಲೂಯಿ ರೆನೋ ರೂಪಿಸಿದ ಈ ಜಾತಿಯ ಬ್ರೇಕು ಇವತ್ತಿಗೂ ಹೊರೆಗಾಡಿಗಳ ಹಿಂಚಕ್ರದಲ್ಲಿ ಕೂತಿರುವುದು.

ಅದಕ್ಕೂ ಹಿಂದಿನ ಕತೆಯೊಂದು ನನಗೆ ಬಲು ಪ್ರಿಯ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಝ್ ಎಂಬ ಹೆಣ್ಣುಮಗಳು ಗಂಡ ಕಾರ್ಲ್ ಬೆಂಝ್‌ಗೆ ಹೇಳದೆ, ಅವನು ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡು ಸವೆದುಹೋಯಿತು. ಆಕೆ ದಾರಿಯಲ್ಲಿ ಚಪ್ಪಲಿ ಹೊಲಿಯುವವನೊಬ್ಬನನ್ನು ಹಿಡಿದು ಆ ಮರಕ್ಕೆ ತೊಗಲು ಹೊಡೆಸಿದಳು. ಬ್ರೇಕ್ ಲೈನರ್ ಎಂಬುದು ಹುಟ್ಟಿದ್ದು ಹೀಗೆ ಎನ್ನುತ್ತಾರೆ. ಚಮ್ಮಾರನ ಕೈಯಲ್ಲಿ ಹುಟ್ಟಿದ್ದು ಆಮೇಲೆ ಶೂವಿನ ಮೈಗೆ ಅಂಟಿದ್ದನ್ನು ನೆನೆದರೆ ನಗು ಬರುತ್ತದೆ. ಬೆರ್ತಾಳ ಸವೆತ ಅವಳ ಕಣ್ಣೆದುರೇ ಇತ್ತು. ನನ್ನ ಸವೆತ ಪಾತ್ರೆಯೊಳಗೆ ಮುಚ್ಚಿಕೊಂಡಿತ್ತು.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಅಂಗಳದ ಸಮತಟ್ಟು ಜಾಗಕ್ಕೆ ತಂದೆ. ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಹಾಗಾಗಿ ಗೇರಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ. ಎಡಗಡೆಯ ಹಿಂಚಕ್ರದ ನಟ್ಟುಗಳನ್ನು ಅದು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಕೊಟ್ಟು, ಆಕ್ಸಲಿನ ಅಡಿಗೆ ದಪ್ಪ ಹೊನ್ನೆ ಮರದ ತುಂಡು ಇಟ್ಟು, ಬಿಚ್ಚಿದ ಚಕ್ರವನ್ನೂ ಚಾಸಿಯ ಕೆಳಗೆ ಮಲಗಿಸಿದೆ. ಬರೀ ಜಾಕನ್ನು ನಂಬಿ ಗಾಡಿಯಡಿ ಕೈ ಹಾಕಬಾರದು. ಇದರಲ್ಲಿ ಯಾವ ಅಡ್ಜಸ್ಟೂ ಇಲ್ಲ.

ಡ್ರಮ್ ಅಲುಗಲಿಲ್ಲ. ಶೂ ಉಜ್ಜಿ ಉಜ್ಜಿ ಒಳಗೆ ಹಳ್ಳ ಬಿದ್ದಾಗ ಅಂಚಿನಲ್ಲೊಂದು ದಿಣ್ಣೆ ಉಳಿಯುತ್ತದೆ, ಆ ದಿಣ್ಣೆ ಶೂಗಳಿಗೆ ತಡೆಯುತ್ತದೆ. ಡ್ರಮ್ಮಿನ ಮುಖದಲ್ಲಿ ತಿರುಪಿನ ಮರೆ ಇರುವ ಎರಡು ತೂತುಗಳಿವೆ. ಅವಕ್ಕೆ ಎರಡು ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಬಿಗಿಯುತ್ತ, ನಡುನಡುವೆ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಅದು ಬೇಸರದಿಂದ ಎದ್ದು ಬರುತ್ತದೆ. ಮುಕ್ಕಾಲು ಗಂಟೆ ಬೇಕಾಯಿತು.

ಒಳಗೆ ಕಂದು ಹುಡಿ. ಗ್ಯಾರೇಜಿನಲ್ಲಾಗಿದ್ದರೆ ಹುಡುಗನೊಬ್ಬ ಏರ್ ಪೈಪ್ ಹಿಡಿದು ಅದನ್ನು ಊದಿ ಹಾರಿಸುತ್ತಿದ್ದ, ಅರ್ಧ ಅವನ ಮೂಗಿಗೇ ಹೋಗುತ್ತಿತ್ತು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ನಾರು ಶ್ವಾಸಕೋಶದಲ್ಲಿ ಕೂತು ರೋಗವಾಗಿ ಏಳಲು ಕೆಲವೊಮ್ಮೆ ಮೂವತ್ತು ನಲವತ್ತು ವರ್ಷ ಬೇಕು. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯಾಗಿ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಹೇಳಿದ್ದು ಈ ನಿಧಾನದ ಕಾರಣಕ್ಕೇ. ಊರಬದಿಯ ಗ್ಯಾರೇಜಿನ ಹುಡುಗನಿಗೆ ಯಾವ ದಾಖಲೆ? ಈಗ ಕಲ್ನಾರಿಲ್ಲ ಎಂದು ಪೊಟ್ಟಣದ ಮೇಲೆ ಬರೆದ ಶೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಹಳೆಯದರಲ್ಲಿ ಏನಿತ್ತೋ ಎಂದು ನಾನು ಸೋಪಿನ ನೀರು ಚಿಮುಕಿಸಿ, ಹುಡಿ ನೆನೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟೆ.

ಹುಡಿ ಹೋದ ಮೇಲೆ ಕಂಡದ್ದು ಇದು: ಲೈನರ್ ರಿವೆಟ್ಟಿನ ತಲೆಯವರೆಗೆ ಸವೆದಿದೆ. ಒಂದು ರಿವೆಟ್ ಡ್ರಮ್ಮಿಗೆ ಗೀರು ಹಾಕಲು ಶುರು ಮಾಡಿದೆ. ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಸರಿಸಿದರೆ ಒಳಗೆ ಪಸೆ. ಶೂಗಳ ನಡುವೆ ಅಡ್ಡ ಮಲಗಿದ್ದ ಪುಟ್ಟ ಹಲ್ಲುಚಕ್ರ, ಅದೇ ಅಡ್ಜಸ್ಟರ್, ತುಕ್ಕು ಹಿಡಿದು ಕಲ್ಲಾಗಿದೆ.

ಆ ಹಲ್ಲುಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಅದರ ಕೆಲಸ ಇಷ್ಟೇ. ಲೈನರ್ ಸವೆದಂತೆ ಶೂವಿಗೂ ಡ್ರಮ್ಮಿಗೂ ನಡುವೆ ಅಂತರ ಬೆಳೆಯುತ್ತದೆ. ಅಂತರ ಒಂದು ಮಿತಿ ದಾಟಿದಾಗ ಸಣ್ಣ ಸನ್ನೆಯೊಂದು ಹಲ್ಲುಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸುತ್ತದೆ, ಶೂಗಳು ಆ ಕೂದಲೆಳೆಯಷ್ಟು ಹತ್ತಿರ ಬರುತ್ತವೆ. ಕೆಲವು ಗಾಡಿಗಳಲ್ಲಿ ಇದು ಕಾಲಿನ ಬ್ರೇಕು ಒತ್ತಿದಾಗ ಆಗುತ್ತದೆ, ಕೆಲವದರಲ್ಲಿ ಹಿಂದಕ್ಕೆ ಹೋಗುತ್ತ ಬ್ರೇಕು ಒತ್ತಿದಾಗ. ನಮ್ಮದರಲ್ಲಿ ಹ್ಯಾಂಡ್ ಬ್ರೇಕ್ ಎಳೆದಾಗ.

ಇಲ್ಲಿ ನನ್ನ ಗುಟ್ಟು ಬಯಲಾಯಿತು. ನಾನು ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಯಾರೂ ಎಳೆಯುವುದಿಲ್ಲ. ಒದ್ದೆ ಶೂ ರಾತ್ರಿ ಕಳೆಯುವುದರೊಳಗೆ ಡ್ರಮ್ಮಿಗೆ ಕಚ್ಚಿಕೊಂಡು ಬೆಳಿಗ್ಗೆ ಚಕ್ರವೇ ತಿರುಗುವುದಿಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಇಲ್ಲಿನ ಪದ್ಧತಿ. ಜೂನಿನಲ್ಲಿ ಶುರುವಾದ ಕಲ್ಲು ಅಕ್ಟೋಬರಿನಲ್ಲಿ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ. ಕಲ್ಲು ಗಾಡಿಯಲ್ಲೇ ಉಳಿಯಿತು, ಎಲ್ಲಿ ನಿಲ್ಲಿಸಿದರೂ ಇಳಿದು ಕಲ್ಲು ಕೊಡುವುದು ರೂಢಿಯಾಯಿತು. ಎಳೆಯದ ಹ್ಯಾಂಡ್ ಬ್ರೇಕು, ಅಲುಗದ ಸನ್ನೆ, ತಿರುಗದ ಹಲ್ಲು. ಅಡ್ಜಸ್ಟರ್ ಮಾಡಬೇಕಾಗಿದ್ದ ಕೆಲಸವನ್ನು ನನ್ನ ಬಲಗಾಲು ವಹಿಸಿಕೊಂಡಿತ್ತು.

ಎರಡನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವಲ್ಲ ಎಂದು ಆಗ ಹೊಳೆದದ್ದು. ನಮ್ಮ ಭಾಷೆಗೆ ಬಂದು ನಮ್ಮದೇ ಆಗಿಹೋದ ಮಾತು ಅಡ್ಜಸ್ಟ್. ಮೂರು ಜನರ ಬಸ್ಸಿನ ಸೀಟಿನಲ್ಲಿ ನಾಲ್ಕನೆಯವರು ಕೂರುವಾಗ ಅದು ಬೇಕು. ಚಿಲ್ಲರೆ ಇಲ್ಲದ ಅಂಗಡಿಯವನಿಗೆ ಬೇಕು. ಹೊಸ ಸೊಸೆಗೆ ತವರಿನವರು ಕಿವಿಯಲ್ಲಿ ಹೇಳಿ ಕಳಿಸುವುದೂ ಅದನ್ನೇ. ನಾನಿದನ್ನು ಹಳಿಯುವವನಲ್ಲ, ಈ ಮಾತಿಲ್ಲದೆ ನಮ್ಮ ಒಂದು ಬಸ್ಸೂ ಹೊರಡುತ್ತಿರಲಿಲ್ಲ. ಆದರೆ ಡ್ರಮ್ಮಿನೊಳಗಿನ ಅಡ್ಜಸ್ಟರ್ ಸವೆತವನ್ನು ಅಳೆದು, ಅಷ್ಟೇ ಅಂತರವನ್ನು ತುಂಬುತ್ತದೆ. ನನ್ನ ಕಾಲು ಅಂತರವನ್ನು ಹಾಗೇ ಬಿಟ್ಟು, ಅದು ಕಾಣದ ಹಾಗೆ ಮಾಡಿತು.

ಅಮ್ಮನ ನೆನಪಾಯಿತು. ಅಕ್ಕಿ ಆರಿಸುವುದಕ್ಕೆ ಅವಳು ಒಳಗಿನಿಂದ ಜಗಲಿಗೆ ಬಂದಳು. ಒಂದೆರಡು ವರ್ಷ ಕಳೆದು ಮೊರ ಹಿಡಿದು ಅಂಗಳಕ್ಕಿಳಿದಳು, ತುಳಸಿಕಟ್ಟೆಯ ಪಕ್ಕ, ನೇರ ಬಿಸಿಲಿಗೆ. ವಯಸ್ಸಾಯಿತು, ಬಿಸಿಲು ಕಾಯಿಸುವ ಆಸೆ ಎಂದುಕೊಂಡೆವು. ಅವಳೂ ಹಾಗೇ ಅಂದುಕೊಂಡಿದ್ದಳು ಎಂದು ಕಾಣುತ್ತದೆ. ಒಂದು ಹಬ್ಬಕ್ಕೆ ಬಂದ ಚಿಕ್ಕಮ್ಮ ಎರಡನೇ ತುತ್ತಿಗೇ ಕಲ್ಲು ಕಚ್ಚಿ, "ಅಕ್ಕಾ, ನಿಂಗೆ ಕಣ್ಣು ಕಾಣ್ತಿಲ್ಲ" ಎಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಿನಾ ಆ ಅನ್ನವನ್ನೇ ಉಣ್ಣುತ್ತಿದ್ದ ನಾವು ಕಲ್ಲನ್ನು ನಾಲಿಗೆಯಿಂದ ಬದಿಗೆ ಸರಿಸುವುದನ್ನು ಕಲಿತುಬಿಟ್ಟಿದ್ದೆವು. ಅಲ್ಲೂ ಹೇಳಲು ಹೊರಗಿನವರೇ ಬರಬೇಕಾಯಿತು.

ಬಲಗಡೆಯ ಚಕ್ರವನ್ನು ಮುಟ್ಟಿರಲಿಲ್ಲ. ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ, ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ ಎಂದು ತಿಳಿದವರು ಹೇಳುತ್ತಾರೆ. ಯಾವ ಸ್ಪ್ರಿಂಗಿನ ಕೊಕ್ಕೆ ಯಾವ ತೂತಿಗೆ ಎಂದು ಮರೆತರೆ ಆ ಕಡೆಯದನ್ನು ಬಿಚ್ಚಿ ನೋಡಬಹುದು. ಆದರೆ ಅದು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿರುತ್ತದೆ ಎಂಬ ಎಚ್ಚರ ಬೇಕು. ಅಡ್ಜಸ್ಟರಿನ ವಿಷಯದಲ್ಲಂತೂ ತಪ್ಪಿದರೆ ಕೆಟ್ಟಿತು. ಎಡದ್ದಕ್ಕೂ ಬಲದ್ದಕ್ಕೂ ಮರೆ ತದ್ವಿರುದ್ಧ. ಎಡದ್ದನ್ನು ಬಲಕ್ಕೆ ಹಾಕಿದರೆ ಹಲ್ಲು ತಿರುಗುತ್ತದೆ, ಟಿಕ್ ಎಂಬ ಸದ್ದೂ ಬರುತ್ತದೆ. ಆದರೆ ಪ್ರತಿ ಟಿಕ್ಕಿಗೂ ಶೂ ಹತ್ತಿರ ಬರುವ ಬದಲು ದೂರ ಸರಿಯುತ್ತದೆ.

ಮಧ್ಯಾಹ್ನದೊಳಗೆ ಬಲಗಡೆಯ ಡ್ರಮ್ಮನ್ನೂ ಎಬ್ಬಿಸಿದೆ, ಉಳಿದದ್ದನ್ನು ಕದಲಿಸದೆ. ಮರುದಿನ ಎರಡೂ ಡ್ರಮ್ಮುಗಳನ್ನು ತೀರ್ಥಹಳ್ಳಿಗೆ ಒಯ್ದೆ, ಭಾವನ ಬೈಕಿನ ಹಿಂದೆ ಗೋಣಿಚೀಲದಲ್ಲಿ. ಲೇತಿನವರು ಒಳಗಿನ ವ್ಯಾಸ ಅಳೆದರು. ಬಲಗಡೆಯದಕ್ಕೆ ತಲೆಯಾಡಿಸಿ, ತೆಳ್ಳಗೆ ಒಂದು ಸುತ್ತು ಟರ್ನಿಂಗ್ ಕೊಟ್ಟರೆ ಸಾಕು ಎಂದರು. ಎಡಗಡೆಯದನ್ನು ಎರಡು ಸಲ ಅಳೆದು ಬದಿಗಿಟ್ಟರು.

"ಇದಾಗಲ್ಲ. ಹೊಸದು ಹಾಕಿ."

ಹೊಸ ಡ್ರಮ್ಮಿನ ಬೆಲೆ ಮನಸ್ಸಿಗೆ ಬಂತು. "ಗೀರು ಹೋಗೋಷ್ಟು ಮಾತ್ರ ಕೊರೀರಿ. ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದೆ. ಬಾಯಿಗೆ ಬಂದದ್ದೇ ಅದು!

ಅವರು ಚೀಲದ ತುದಿಯಿಂದ ಡ್ರಮ್ಮಿನ ಮೈ ಒರೆಸಿ ಎರಕದಲ್ಲೇ ಕೊರೆದಿದ್ದ ಅಂಕೆಯ ಮೇಲೆ ಬೆರಳಿಟ್ಟರು. ಒಳಗಿನ ವ್ಯಾಸ ಅದನ್ನು ದಾಟಬಾರದು. "ಇದನ್ನು ಮಾಡಿದವ್ರು ಬರೆದಿದ್ದು. ಗೀರು ಹೋಗೋವಷ್ಟು ಕೊರೆದ್ರೆ ಇದನ್ನ ದಾಟ್ತದೆ. ಆಮೇಲೆ ಇದು ಕಾಯ್ದು ಬಿರಿತು ಅಂದ್ರೆ ನೀವು ಬಂದು ಕೇಳೋ ಸ್ಥಿತೀಲಿ ಇರಲ್ಲ" ಎಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು. ನನ್ನಿಂದ ಬರುವ ಕೂಲಿಯನ್ನು ಬಿಟ್ಟುಕೊಟ್ಟೇ ಹೇಳಿದ ಮಾತು ಅದು.

ಕಾಯುವುದು ಎಂದರೆ ಎಷ್ಟು ಎಂದು ರಾತ್ರಿ ಲೆಕ್ಕ ಮಾಡಿದೆ. ಹೊರೆ ಸೇರಿ ಗಾಡಿಯ ತೂಕ 2,500 ಕಿಲೋ, ಇಳಿಯುವ ಎತ್ತರ 500 ಮೀಟರ್ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಬ್ರೇಕಿನಲ್ಲೇ ಹಿಡಿದು ಇಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 40 ಲೀಟರ್ ತಣ್ಣೀರು ಕುದಿಯುತ್ತದೆ. ನಮ್ಮ ಬಚ್ಚಲಿನ ಹಂಡೆಯಷ್ಟು. ಅಷ್ಟು ನೀರಿಗೆ ಒಲೆಯಲ್ಲಿ ಎಷ್ಟು ಕಟ್ಟಿಗೆ ಬೇಕೆಂದು ನಮಗೆಲ್ಲ ಗೊತ್ತಿದೆ, ಘಟ್ಟದಲ್ಲಿ ಆ ಒಲೆ ನಾಲ್ಕು ಚಕ್ರದಲ್ಲಿ ಉರಿಯುತ್ತದೆ. ಡ್ರಮ್ ಕಾದರೆ ಹಿಗ್ಗಿ ಶೂವಿನಿಂದ ದೂರ ಹೋಗುತ್ತದೆ, ಕಾದ ಲೈನರಿನ ಹಿಡಿತವೂ ಕುಗ್ಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುವುದು ಎಂಜಿನ್ನಿನ ಹಿಡಿತ ಈ ಒಲೆಯಿಂದ ಕಟ್ಟಿಗೆ ಹಿರಿಯುತ್ತದೆ ಎಂದೇ.

ಹೊಸ ಡ್ರಮ್ ಒಂದು, ಶೂಗಳ ಪೂರ್ತಿ ಸೆಟ್, ಎಡಗಡೆಗೆ ಹೊಸ ವೀಲ್ ಸಿಲಿಂಡರ್, ಎರಡೂ ಕಡೆಗೆ ಅಡ್ಜಸ್ಟರ್ ಮತ್ತು ಸ್ಪ್ರಿಂಗ್ ಬಂದವು. ಜೋಡಿಸುವ ಕೆಲಸ ಬರೆಯುವಷ್ಟಿಲ್ಲ. ಸ್ಪ್ರಿಂಗ್ ಎರಡು ಸಲ ಕೈ ತಪ್ಪಿ ಹಾರಿ ಒಂದು ಸಲ ದಾಸವಾಳದ ಬುಡದಲ್ಲಿ ಸಿಕ್ಕಿತು. ಲೈನರಿಗೆ ಕೈಯ ಜಿಡ್ಡು ತಾಗದ ಹಾಗೆ ನೋಡಿಕೊಳ್ಳಬೇಕು ಎಂಬುದೊಂದೇ ಜಾಗ್ರತೆ.

ಶೂ ಮಾತ್ರ ಬದಲಿಸಿದ್ದರೆ ಏರ್ ತೆಗೆಯುವ ಕೆಲಸವಿರುತ್ತಿರಲಿಲ್ಲ. ಸಿಲಿಂಡರ್ ಬಿಚ್ಚಿದ್ದರಿಂದ ಪೈಪಿನಲ್ಲಿ ಗಾಳಿ ಸೇರಿತ್ತು. ಇದಕ್ಕೆ ಎರಡು ಜನ ಬೇಕು. ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹಳೆಯ ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುವ ಜಾತಿ. ಡಾಟ್ 3 ಎಂಬ ದರ್ಜೆಯದು ಹೊಸದರಲ್ಲಿ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ ಮಳೆಯಲ್ಲಿ ನಾಲ್ಕು ವರ್ಷ ಕಳೆದ ಆಯಿಲಿನ ಗತಿ ಕೇಳುವುದೇ ಬೇಡ. ಪೂರ್ತಿ ಬದಲಿಸಿದೆ.

"ಒತ್ತಿ ಹಿಡ್ಕೋ."

"ಹಿಡ್ದೀನಿ."

ನಿಪ್ಪಲ್ ಸಡಿಲಿಸಿದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಬಂದವು. ಬಿಗಿದೆ. "ಬಿಡು."

"ರೀ, ಇದು ಪೂರಾ ಕೆಳಗೆ ಹೋಯ್ತು!"

"ಹಾಗೇ ಹೋಗಬೇಕು. ಮತ್ತೆ ಒತ್ತು."

ಇಪ್ಪತ್ತು ಸಲವಾದರೂ ಆಗಿರಬೇಕು. ಗುಳ್ಳೆ ನಿಂತು, ಪೆಡಲು ಮೇಲೇ ಗಟ್ಟಿಯಾಗಿ ನಿಂತಾಗ ಅವಳು ಕೇಳಿದಳು, "ಇದು ಇಷ್ಟು ಮೇಲಿರಬೇಕಿತ್ತಾ? ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ಗೊತ್ತಾಗಲಿಲ್ಲ. ಅಡ್ಜಸ್ಟ್ ಆಗಿಹೋಗಿತ್ತು."

"ಹೂಂ" ಎಂದಳು. "ನಾನು ಈ ಮನೆಗೆ ಬಂದ ವರ್ಷ ನಿಮ್ಮಮ್ಮನೂ ನನ್ನಮ್ಮನೂ ನನಗೆ ಹೇಳಿದ್ದು ಅದೊಂದೇ ಮಾತು." ಅವಳ ಮುಖ ಕಾಣುತ್ತಿರಲಿಲ್ಲ, ನಾನು ಗಾಡಿಯ ಹಿಂದೆ ನೆಲದ ಮೇಲೆ ಕೂತಿದ್ದೆ. ಮೇಲೆದ್ದು ಬರುವುದರೊಳಗೆ ಅವಳು ಇಳಿದು ಒಳಗೆ ಹೋಗಿದ್ದಳು. ಅವಳ ಯಾವ ಹಲ್ಲು ಎಂದಿನಿಂದ ತಿರುಗದೆ ನಿಂತಿದೆ ಎಂದು ನಾನು ಕೇಳಿದವನಲ್ಲ. ಅವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಉತ್ತರ ದೊಡ್ಡದಿತ್ತು. ಅದು ಇಲ್ಲಿ ಬರೆಯುವ ವಿಷಯವಲ್ಲ.

ಕೈಯಿಂದ ತಿರುಗಿಸಿದರೆ ಡ್ರಮ್ಮಿಗೆ ಶೂ ಸಣ್ಣಗೆ ಸವರುವ ಸದ್ದು ಬರುವಷ್ಟು ಹಲ್ಲು ಏರಿಸಿ, ಆಮೇಲೆ ಎರಡು ಹಲ್ಲು ಇಳಿಸಿ, ಚಕ್ರ ಹಾಕಿದೆ. ತಣ್ಣಗಿರುವಾಗಲೇ ಇದನ್ನು ಮಾಡಬೇಕು. ಕಾದು ಹಿಗ್ಗಿದ ಡ್ರಮ್ಮಿಗೆ ಅಳತೆ ಕೊಟ್ಟರೆ ತಣಿದ ಮೇಲೆ ಅದೇ ಶೂಗಳನ್ನು ಬಿಗಿ ಹಿಡಿಯುತ್ತದೆ. ಮೊದಲು ಅಂಗಳದಲ್ಲಿ, ಆಮೇಲೆ ಊರೊಳಗಿನ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದೆ. ಮೊದಲ ಸಲ ಒತ್ತಿದಾಗ ಮೂಗು ಸ್ಟಿಯರಿಂಗಿಗೆ ತಾಗುವುದೊಂದು ಬಾಕಿ. ಬ್ರೇಕು ಸರಿಯಾಗಿತ್ತು, ಕಾಲು ಇನ್ನೂ ಹಳೆಯ ಲೆಕ್ಕದಲ್ಲೇ ಇತ್ತು. ಅದು ಹೊಸ ಅಭ್ಯಾಸಕ್ಕೆ ಬರಲು ಒಂದು ವಾರ ಹಿಡಿಯಿತು.

ಕಲ್ಲು ಈಗ ಕೊಟ್ಟಿಗೆಯ ಬದಿಯಲ್ಲಿದೆ, ಜೂನಿಗೆ ಬೇಕು. ಉಳಿದ ದಿನ ಸಂಜೆ ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯುತ್ತೇನೆ. ಆರು ತಿಂಗಳಿಗೊಮ್ಮೆ ಭಾವನ ಕೈಗೆ ಬೀಗದ ಕೈ ಕೊಡುತ್ತೇನೆ. ನೀವೂ ಘಟ್ಟದಲ್ಲಿ ಓಡಾಡುವವರಾದರೆ, ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಗಾಡಿಯನ್ನು ಒಂದು ದಿನ ಬೇರೆ ಯಾರಾದರೂ ಬಲ್ಲವರಿಗೆ ಬಯಲು ರಸ್ತೆಯಲ್ಲಿ ಓಡಿಸಲು ಕೊಡಿ. ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತು, ಬ್ರೇಕು ಹೇಗಿದೆ ಎಂದು ಅವರನ್ನು ಕೇಳಿ. ಹೀಗೆ ಒತ್ತಬೇಕು, ಹಾಗೆ ಒತ್ತಬೇಕು ಎಂದು ಮಾತ್ರ ಹೇಳಿಕೊಡಬೇಡಿ.